ಕಥೆ ಹೇಳಿದವರು ನಾವು, ಕಥೆ ಕೇಳೋ ಕೋಣೆ ಯಾರದು?



ಪೋಸ್ಟ್ ಉದ್ದ ಐತೆ. ಬಸ್ಸಲ್ಲಿದ್ರೆ ಸೇವ್ ಮಾಡ್ಕೊಂಡು ರಾತ್ರಿ ಓದ್ರಿ.

ಈಚೆಗೆ ಮೂವರು ಹುಡುಗರು ಬೇರೆ ಬೇರೆಯಾಗಿ ಬಂದು ಒಂದೇ ಪ್ರಶ್ನೆ ಕೇಳಿದ್ರು. ಒಬ್ಬ ಸಿರುಗುಪ್ಪದವನು, ಇಬ್ಬರು ಕುರುಗೋಡು ಕಡೆಯವರು. "ಅಣ್ಣ, ಸಿನಿಮಾ ಕಥೆ ಬರ್ದಿದೀನಿ. ಆನ್‌ಲೈನಲ್ಲೇ ಪ್ರೊಡಕ್ಷನ್ ಕಂಪನಿಗಳಿಗೆ ಕಳ್ಸಬಹುದಂತೆ. ಅದಕ್ಕೆ ವೆಬ್‌ಸೈಟ್ ಅದಾವಂತೆ. ದುಡ್ಡು ಕಟ್ಲಾ?" ಕಟ್ಟು ಅಥವಾ ಕಟ್ಟಬೇಡ ಅಂತ ಒಂದು ಮಾತಲ್ಲಿ ಹೇಳಬಹುದಿತ್ತು. ಆದರೆ ಈ ಪ್ರಶ್ನೆಗೆ ಹಿಂದೊಂದು ಇತಿಹಾಸ ಐತೆ. ಅದು ಗೊತ್ತಿಲ್ಲದೆ ಕಾರ್ಡ್ ನಂಬರ್ ಒತ್ತೋದು ಸರಿಯಲ್ಲ ಅನ್ಸಿ ಬರೀತಿದೀನಿ.

ನಮ್ಮ ಜಿಲ್ಲೆಯಿಂದಲೇ ಶುರು ಮಾಡೋಣ. ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಬುರ್ರಕಥಾ ಈರಮ್ಮ ಅಂತ ಇದ್ದರು. ಬುಡ್ಗ ಜಂಗಮ ಸಮುದಾಯ, ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋದು. ಊರೂರು ಅಲೆದು, ಕಥೆ ಹಾಡಿ, ಕಾಳು ಕಡಿ ಪಡೆದು ಬದುಕಿದ ಜನ. 1930ರಲ್ಲಿ ಹುಟ್ಟಿದ ಈರಮ್ಮನಿಗೆ ಅಕ್ಷರ ಬರ್ತಿರಲಿಲ್ಲ. ತಲೆಯೊಳಗೆ ಮಾತ್ರ 12 ಮಹಾಕಾವ್ಯ. ಒಂದು ಸಿನಿಮಾದ ಚಿತ್ರಕಥೆ ಅಂದ್ರೆ ನೂರು, ನೂರಿಪ್ಪತ್ತು ಪುಟ. ಈ ಅಜ್ಜಿ ತಲೆಯಲ್ಲಿ ಸಾವಿರಾರು ಪುಟ ಇದ್ವು, ಅದೂ ಎಲ್ಲಿ ತಡೀಬೇಕು, ಎಲ್ಲಿ ಜನರನ್ನ ಅಳಿಸಬೇಕು, ಎಲ್ಲಿ ಡಿಮ್ಮಿ ಜೋರಾಗಿ ಬಾರಿಸಬೇಕು ಅನ್ನೋ ಲೆಕ್ಕದ ಸಮೇತ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ನಾಡೋಜ ಕೊಟ್ಟಿತು. 2014ರ ಆಗಸ್ಟಲ್ಲಿ ತೀರಿಕೊಂಡರು.

ಇನ್ನೊಬ್ಬರು ಬಳ್ಳಾರಿಯ ಬೆಳಗಲ್ಲು ವೀರಣ್ಣ. ತೊಗಲುಗೊಂಬೆ ಆಡಿಸೋ ಸಿಳ್ಳೇಕ್ಯಾತರು, ಅವರೂ ಪರಿಶಿಷ್ಟ ಜಾತಿ. ಒಂದು ಬಿಳಿ ಪರದೆ, ಹಿಂದೆ ದೀಪ, ನಡುವೆ ಬಣ್ಣದ ತೊಗಲು, ಒಬ್ಬನೇ ಮನುಷ್ಯ ಹತ್ತು ದನಿಯಲ್ಲಿ ಮಾತಾಡೋದು. ಲೂಮಿಯೇರ್ ಅಣ್ಣ ತಮ್ಮಂದಿರು ಪ್ಯಾರಿಸಿನಲ್ಲಿ ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ದು 1895ರ ಡಿಸೆಂಬರಲ್ಲಿ. ಅದಕ್ಕೂ ಎಷ್ಟೋ ತಲೆಮಾರು ಮೊದಲೇ ನಮ್ಮ ಕೇರಿ ಜನ ಪರದೆ ಮೇಲೆ ಬೆಳಕು ನೆರಳಲ್ಲಿ ಕಥೆ ಹೇಳಿದ್ದರು. ವೀರಣ್ಣ 2023ರಲ್ಲಿ ಅಪಘಾತದಲ್ಲಿ ಹೋಗಿಬಿಟ್ಟರು.

ನಮಗೆ ಕಥೆ ಕಟ್ಟೋಕೆ ಬರಲ್ಲ ಅಂತ ಯಾರಾದ್ರೂ ಅಂದ್ರೆ ಈ ಎರಡು ಹೆಸರು ಹೇಳ್ರಿ ಸಾಕು.

ಈಗ ಕಥೆಗೆ ಏನಾಯ್ತು ನೋಡೋಣ. ಈರಮ್ಮ ಹಾಡ್ತಿದ್ದ ಕಥೆಗಳಲ್ಲಿ ಬಾಲನಾಗಮ್ಮ ಒಂದು, ಕುಮಾರರಾಮ ಇನ್ನೊಂದು. ಬಾಲನಾಗಮ್ಮನ ಕಥೆಯನ್ನ 1942ರಲ್ಲಿ ಮದ್ರಾಸಿನ ಜೆಮಿನಿ ಸ್ಟುಡಿಯೋ ತೆಲುಗಲ್ಲಿ ಸಿನಿಮಾ ಮಾಡಿತು. ಎಸ್.ಎಸ್. ವಾಸನ್ ಅವರ ದೊಡ್ಡ ಗೆಲುವುಗಳಲ್ಲಿ ಅದೊಂದು. 1966ರಲ್ಲಿ ಕನ್ನಡದಲ್ಲೂ ಬಂತು, ರಾಜಕುಮಾರ್ ಇದ್ದರು. ಕಂಪ್ಲಿ, ಕುಮ್ಮಟದುರ್ಗದ ನಮ್ಮ ಸೀಮೆಯ ಕುಮಾರರಾಮನ ಮೇಲೆ ಶಿವರಾಜಕುಮಾರ್ ಅವರ 'ಗಂಡುಗಲಿ ಕುಮಾರರಾಮ' ಬಂತು. ಈ ಸಿನಿಮಾದವರು ಯಾರದೋ ಕಥೆ ಕದ್ದರು ಅಂತ ನಾನು ಹೇಳ್ತಿಲ್ಲ. ಕದಿಯೋ ಅಗತ್ಯವೇ ಇರಲಿಲ್ಲ. ಜನಪದ ಕಥೆಗೆ ಕಾನೂನಿನಲ್ಲಿ ಮಾಲೀಕನಿಲ್ಲ. ನೂರಾರು ವರ್ಷ ಅದನ್ನ ಬಾಯಲ್ಲಿ ಕಾಪಾಡಿದವರಿಗೆ ಒಂದು ಪೈಸೆಯ ಹಕ್ಕಿಲ್ಲ, ಅದನ್ನ ಕಾಗದಕ್ಕೆ ಇಳಿಸಿದವರಿಗೆ ಹಕ್ಕುಂಟು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ನಾಟಕದಂಥ ಕೃತಿ ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು ಅನ್ನುತ್ತೆ ಅದು. ಅಕ್ಷರವನ್ನೇ ಕೊಡದೆ ಇಟ್ಟಿದ್ದ ಸಮಾಜ, ಆಮೇಲೆ "ಬರೆದು ತಂದವರಿಗೆ ಮಾತ್ರ ಹಕ್ಕು" ಅಂತ ಕಾನೂನು ಮಾಡ್ತು. ಇದು ಗುಮಾಸ್ತನ ಕಣ್ಣಿಗೆ ಚೆನ್ನಾಗಿ ಕಾಣೋ ಸತ್ಯ ಕಣ್ರಿ. ಆಫೀಸಲ್ಲಿ ದಿನಾ ನೋಡ್ತೀನಿ, ಫೈಲ್ ಇಲ್ಲದವನಿಗೆ ಅಸ್ತಿತ್ವವೇ ಇಲ್ಲ.

ಬಳ್ಳಾರಿಗೆ ನಾಟಕದ ಊರು ಅಂತ ಹೆಸರು. ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾವ್, ಆಮೇಲೆ ಬಳ್ಳಾರಿ ರಾಘವ. ಎಲ್ಲರೂ ವಕೀಲಿಕೆ ಮಾಡಿದವರು, ಓದಿದವರು. ರಾಘವ ದೊಡ್ಡ ಮನುಷ್ಯ, ಹೆಣ್ಣಿನ ಪಾತ್ರ ಹೆಣ್ಣುಮಕ್ಕಳೇ ಮಾಡಲಿ ಅಂತ ಹಟ ಹಿಡಿದವರು, ಅದರಲ್ಲಿ ಎರಡು ಮಾತಿಲ್ಲ. 1939ರಲ್ಲಿ ಜಮೀನ್ದಾರಿ ವಿರುದ್ಧದ 'ರೈತುಬಿಡ್ಡ' ತೆಲುಗು ಚಿತ್ರದಲ್ಲೂ ನಟಿಸಿದರು. ಅದೇ ನಿರ್ದೇಶಕ ಗೂಡವಲ್ಲಿ ರಾಮಬ್ರಹ್ಮಂ ಅದಕ್ಕೆ ಒಂದು ವರ್ಷ ಮೊದಲು 'ಮಾಲಪಿಲ್ಲ' ಮಾಡಿದ್ದರು. ಹೆಸರೇ ಹೇಳುತ್ತೆ, ನಮ್ಮ ಕೇರಿ ಹುಡುಗಿಯ ಕಥೆ. ಕಥೆ ಬರೆದವರು ಚಲಂ. ಮನಸ್ಸು ಒಳ್ಳೇದೇ, ಚಿತ್ರವೂ ಧೈರ್ಯದ್ದೇ. ಆದರೆ ನಮ್ಮ ಮನೆ ಒಳಗೆ ಏನು ಮಾತಾಡ್ತಾರೆ ಅಂತ ಹೊರಗಿನವರು ಊಹಿಸಿ ಬರೆಯೋ ಪದ್ಧತಿ ದಕ್ಷಿಣದ ಸಿನಿಮಾದಲ್ಲಿ ಅಷ್ಟು ಹಿಂದೆಯೇ ನಿಂತುಬಿಟ್ಟಿತ್ತು.

ನಮ್ಮವರು ಒಳಗೆ ಕಾಲಿಟ್ಟರೆ ಏನಾಗ್ತಿತ್ತು ಅನ್ನೋದಕ್ಕೆ ಪಿ.ಕೆ. ರೋಸಿ ಸಾಕ್ಷಿ. ಮಲಯಾಳದ ಮೊದಲ ಮೂಕಿ ಚಿತ್ರ 'ವಿಗತಕುಮಾರನ್'ನಲ್ಲಿ ದಲಿತ ಹೆಣ್ಣುಮಗಳು ನಾಯರ್ ಹೆಣ್ಣಿನ ಪಾತ್ರ ಮಾಡಿದಳು ಅಂತ ಮೇಲ್ಜಾತಿಯವರು ಗಲಾಟೆ ಎಬ್ಬಿಸಿದರು. ಆಕೆ ಊರು ಬಿಟ್ಟು ತಮಿಳುನಾಡಿನ ಕಡೆ ಓಡಿಹೋಗಿ ತಲೆ ಮರೆಸಿಕೊಂಡು ಬದುಕಬೇಕಾಯ್ತು.

ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' 1934ರದ್ದು. ಶೂಟಿಂಗ್ ಆಗಿದ್ದು ಕೊಲ್ಹಾಪುರದಲ್ಲಿ, ದುಡ್ಡು ಹಾಕಿದ್ದು ಚಮನ್‌ಲಾಲ್ ಡುಂಗಾಜಿ, ಬರೆದದ್ದು ಬೆಳ್ಳಾವೆ ನರಹರಿ ಶಾಸ್ತ್ರಿ. ನಟರು, ಬರಹಗಾರರು ಬಹುಪಾಲು ನಾಟಕ ಕಂಪನಿಯಿಂದಲೇ ಬಂದವರು. ಆಮೇಲೆ ದಶಕಗಟ್ಟಲೆ ಕನ್ನಡ ಚಿತ್ರ ತಯಾರಾಗಿದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರೋವರೆಗೆ ನಾವೂ ಮದ್ರಾಸಿನವರೇ, ಆದರೂ ಆ ಸ್ಟುಡಿಯೋ ಗೇಟು ನಮಗೆ ಹತ್ತಿರವಾಗಲಿಲ್ಲ. ಉದ್ಯಮ ಬೆಂಗಳೂರಿನ ಗಾಂಧಿನಗರಕ್ಕೆ ಬಂದ ಮೇಲೂ ಪದ್ಧತಿ ಒಂದೇ. ಕಥೆಯನ್ನ ಕಳಿಸೋದಲ್ಲ, ಹೋಗಿ ಹೇಳೋದು. ನಿರ್ಮಾಪಕನ ಎದುರು ಕೂತು ಎರಡು ತಾಸು ಕಥೆ "ನರೇಟ್" ಮಾಡೋದು.

ಆ ಕೋಣೆಗೆ ಹೋಗಬೇಕಾದ್ರೆ ಯಾರಾದ್ರೂ ಕರ್ಕೊಂಡು ಹೋಗಬೇಕು. ರಾತ್ರಿ ರೈಲು, ಬೆಳಿಗ್ಗೆ ಮೆಜೆಸ್ಟಿಕ್, ಸುಲಭ ಶೌಚಾಲಯದಲ್ಲಿ ಸ್ನಾನ, ಹತ್ತು ಗಂಟೆಗೆ ಆಫೀಸ್ ಮುಂದೆ ನಿಲ್ಲೋದು, ಸಂಜೆ ಆರಕ್ಕೆ "ಸಾರ್ ಬರಲ್ಲ ಇವತ್ತು". ಇಪ್ಪತ್ತು ವರ್ಷದ ಹಿಂದೆ ನನ್ನ ಗೆಳೆಯನೊಬ್ಬನ ಜೊತೆ ನಾನೂ ಹಿಂಗೆ ನಿಂತಿದೀನಿ. ಒಳಗೆ ಕರೆದರು, ಚಹಾ ಕೊಟ್ಟರು, ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಊರಲ್ಲಿ ಮನೆ ಎಲ್ಲಿ ಅಂತ ಕೇಳಿದರು. ಕೇರಿ ಗೊತ್ತಾಯ್ತು. ಅಲ್ಲಿಂದಾಚೆಗೆ ಕಥೆ ಕೇಳಿದ್ದು ಕಿವಿ ಮಾತ್ರ. "ಇದು ಅವಾರ್ಡ್ ಸಿನಿಮಾ ಆಗ್ತದಪ್ಪ" ಅಂದ್ರು. ಅವನು ಬರೆದಿದ್ದು ಕುಸ್ತಿ ಪೈಲ್ವಾನನ ಪಕ್ಕಾ ಮಾಸ್ ಕಥೆ!

ಇಲ್ಲಿ ಒಂದು ಮಾತು ಹೇಳಲೇಬೇಕು. ಎಪ್ಪತ್ತರ ದಶಕದಲ್ಲಿ ನಮಗೆ ಪೆನ್ನು ಸಿಕ್ಕಿತು. 1973ರ ಬೂಸಾ ಗಲಾಟೆ, ಬಿ. ಬಸವಲಿಂಗಪ್ಪ, ಅದರ ಬೆನ್ನಿಗೆ ಬಿ. ಕೃಷ್ಣಪ್ಪನವರ ಜೊತೆ ಕಟ್ಟಿದ ದಲಿತ ಸಂಘರ್ಷ ಸಮಿತಿ, 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು', 1984ರಲ್ಲಿ ದೇವನೂರರ 'ಕುಸುಮಬಾಲೆ', 1994ರಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'. ಹಾಡಿಗೆ ಒಂದು ತಮಟೆ ಸಾಕು, ಪುಸ್ತಕಕ್ಕೆ ಒಂದು ಸಣ್ಣ ಪ್ರೆಸ್ ಸಾಕು. ಸಿನಿಮಾಕ್ಕೆ ಕೋಟಿ ಬೇಕು, ಕೋಟಿ ಇದ್ದವರ ಒಪ್ಪಿಗೆ ಬೇಕು. ಅದೇ 1975ರಲ್ಲಿ 'ಚೋಮನ ದುಡಿ' ಸಿನಿಮಾ ಬಂದು ರಾಷ್ಟ್ರಪ್ರಶಸ್ತಿ ಪಡೀತು, ವಾಸುದೇವರಾಯರು ಅತ್ಯುತ್ತಮ ನಟ ಆದರು. ಕಾರಂತರ ಕಾದಂಬರಿ 1933ರದ್ದು. ಆ ಚಿತ್ರ ನೋಡಿ ನಾನೂ ಅತ್ತಿದೀನಿ. ಆದರೆ ಚೋಮನ ಹೆಸರಲ್ಲಿ ಸಿನಿಮಾ ಆಯ್ತು, ಚೋಮನ ಮೊಮ್ಮಕ್ಕಳು ಬರೆದ ಪುಸ್ತಕಗಳ ಕಡೆ ಕ್ಯಾಮೆರಾ ತಿರುಗೋದು ಮಾತ್ರ ಅಪರೂಪವಾಗಿಯೇ ಉಳೀತು.

ಸರಿ, ಇಂಟರ್ನೆಟ್ ಬಂತು. ಗೇಟ್ ಇಲ್ಲ, ಕಾವಲುಗಾರ ಇಲ್ಲ, ಕೇರಿ ಕೇಳೋರಿಲ್ಲ, ಅಪ್‌ಲೋಡ್ ಮಾಡಿದ್ರೆ ಆಯ್ತು ಅನ್ನೋ ಆಸೆ ಹುಟ್ಟಿತು. ಅಮೆರಿಕದಲ್ಲಿ ಇದು ಮೊದಲು ಶುರುವಾಯ್ತು. 2000ದಲ್ಲಿ 'ಇಂಕ್‌ಟಿಪ್' ಅನ್ನೋ ತಾಣ. ಬರಹಗಾರ ದುಡ್ಡು ಕಟ್ಟಿ ಕಥೆ ಪಟ್ಟಿಗೆ ಸೇರಿಸ್ತಾನೆ, ನಿರ್ಮಾಪಕರು ನೋಡ್ತಾರೆ. 2005ರಲ್ಲಿ ಫ್ರಾಂಕ್ಲಿನ್ ಲೆನಾರ್ಡ್ ಅನ್ನೋ ಕಪ್ಪು ಯುವಕ, ಪ್ರೊಡಕ್ಷನ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದವನು, ಇನ್ನೂ ಸಿನಿಮಾ ಆಗದ ಒಳ್ಳೆ ಸ್ಕ್ರಿಪ್ಟ್ ಯಾವುವು ಅಂತ ಪರಿಚಯದವರನ್ನ ಕೇಳಿ ಒಂದು ಪಟ್ಟಿ ಮಾಡಿದ. ಹೆಸರು 'ಬ್ಲ್ಯಾಕ್ ಲಿಸ್ಟ್'. ಕಪ್ಪು ಅಂದ್ರೆ ಕೆಟ್ಟದ್ದು ಅನ್ನೋ ಅರ್ಥವನ್ನ ತಿರುಗಿಸಿ ಇಟ್ಟ ಹೆಸರು ಅದು, ನಮಗೆ ಅರ್ಥ ಆಗ್ತದೆ. 2012ರಲ್ಲಿ ಅದು ಯಾರು ಬೇಕಾದ್ರೂ ಸ್ಕ್ರಿಪ್ಟ್ ಹಾಕೋ ತಾಣವಾಯ್ತು. ಶುರುವಿನ ದರ ತಿಂಗಳಿಗೆ 25 ಡಾಲರ್, ಒಬ್ಬ ಓದುಗ ಓದಿ ಅಂಕ ಕೊಡೋಕೆ 50 ಡಾಲರ್.

ಆ 75 ಡಾಲರನ್ನೇ ಇವತ್ತಿನ ರೂಪಾಯಿಗೆ ಹಾಕ್ರಿ. 6 ಸಾವಿರ ದಾಟ್ತದೆ. ನಮ್ಮಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಂದ್ರೆ ಹದಿನಾರು ದಿನ ಬಿಸಿಲಲ್ಲಿ ಮಣ್ಣು ಹೊತ್ತರೂ ಸಾಲಲ್ಲ, ಒಬ್ಬ ಅಪರಿಚಿತ ನಿನ್ನ ಕಥೆ ಒಂದು ಸಲ ಓದೋಕೆ. ಹಿಂದೆ ಗೇಟಲ್ಲಿ ಜಾತಿ ಕೇಳ್ತಿದ್ದರು, ಈಗ ಕಾರ್ಡ್ ನಂಬರ್ ಕೇಳ್ತಾರೆ. ಕೊನೇಪಕ್ಷ ಕಾರ್ಡ್ ನಂಬರ್ ಕೇಳೋದು ಎಲ್ಲರಿಗೂ ಅಂತ ಸಮಾಧಾನ ಮಾಡ್ಕೋಬಹುದು, ಆದರೆ ಕಾರ್ಡ್ ಇರೋ ಮನೆಗಳು ಯಾವ ಓಣಿಯಲ್ಲಿವೆ ಅನ್ನೋದು ನಿಮಗೂ ಗೊತ್ತು.

ಅಮೆಜಾನ್ ಸ್ಟುಡಿಯೋಸ್ 2010ರಲ್ಲಿ ದುಡ್ಡಿಲ್ಲದೆ ಬಾಗಿಲು ತೆರೀತು. ಯಾರು ಬೇಕಾದ್ರೂ ಸ್ಕ್ರಿಪ್ಟ್ ಕಳಿಸ್ರಿ ಅಂತು. ಒಳಗಿನ ಷರತ್ತು ಮೊದಮೊದಲು ಏನಿತ್ತು ಗೊತ್ತಾ? ಅಪ್‌ಲೋಡ್ ಮಾಡಿದ ಕಥೆ 18 ತಿಂಗಳು ಪುಕ್ಕಟೆಯಾಗಿ ಅವರ ಕೈಯಲ್ಲಿ, ಬೇರೆಯವರಿಗೆ ಮಾರೋ ಹಾಗಿಲ್ಲ. ಬರಹಗಾರರು ಕೂಗಾಡಿದ ಮೇಲೆ ಬದಲಾಯಿಸಿದರು. 2018ರಲ್ಲಿ ಆ ಬಾಗಿಲನ್ನೇ ಮುಚ್ಚಿದರು.

ನಮ್ಮ ದೇಶದಲ್ಲಿ ಎನ್‌ಎಫ್‌ಡಿಸಿ 2007ರಿಂದ ಗೋವಾದಲ್ಲಿ ಫಿಲ್ಮ್ ಬಜಾರ್ ನಡೆಸ್ತು, ಚಿತ್ರಕಥೆ ಬರೆಯೋರಿಗೆ ಲ್ಯಾಬ್ ಮಾಡಿತು. ಮಂಡ್ಯ ಕಡೆಯ ಹಳ್ಳಿ ಜನರನ್ನೇ ನಟರನ್ನಾಗಿಸಿದ 'ತಿಥಿ' ಅಲ್ಲಿಗೂ ಹೋಗಿ, 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ತಂತು. ಬೆಂಗಳೂರಲ್ಲಿ 2014ರಲ್ಲಿ ಶುರುವಾದ 'ಪ್ರತಿಲಿಪಿ'ಯಲ್ಲಿ ಕನ್ನಡದಲ್ಲೇ ಕಥೆ ಹಾಕಬಹುದು. ಕನ್ನಡ ಸಿನಿಮಾದಲ್ಲಿ ಆನ್‌ಲೈನ್ ಬಾಗಿಲು ಅಂದ್ರೆ ಎಲ್ಲರೂ ಮೊದಲು ಹೇಳೋದು 'ಲೂಸಿಯಾ'. ನಿರ್ಮಾಪಕರು ಒಪ್ಪದೆ ಇದ್ದಾಗ ಪವನ್ ಕುಮಾರ್ ಬ್ಲಾಗಲ್ಲಿ ಬರೆದರು, 27 ದಿನದಲ್ಲಿ 110 ಜನ ಸೇರಿ ಸುಮಾರು 50 ಲಕ್ಷ ಹಾಕಿದರು, 2013ರಲ್ಲಿ ಸಿನಿಮಾ ಗೆದ್ದಿತು. ಹೆಮ್ಮೆಯ ವಿಷಯವೇ. ಆದರೆ ಆ ಹೊತ್ತಿಗೆ ಅವರು ಯೋಗರಾಜ ಭಟ್ಟರ ಜೊತೆ ಬರೆದಿದ್ದರು, 'ಲೈಫು ಇಷ್ಟೇನೆ' ನಿರ್ದೇಶಿಸಿದ್ದರು. ಸಿರುಗುಪ್ಪದ ಹುಡುಗ ಬ್ಲಾಗ್ ಬರೆದ್ರೆ 110 ಜನ ಎಲ್ಲಿಂದ ಬರ್ತಾರೆ?

ದೊಡ್ಡವರ ಪಾಡೂ ನೋಡ್ರಿ. 2024ರ ಜುಲೈನಲ್ಲಿ ರಕ್ಷಿತ್ ಶೆಟ್ಟಿ ಅವರ ಸಂಸ್ಥೆಯ 'ಏಕಂ' ವೆಬ್ ಸರಣಿಯನ್ನ ಒಟಿಟಿಗಳು ತಗೊಳ್ಳದೆ, ಅವರೇ ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯ್ತು. ಸ್ಟಾರ್‌ಗೇ ಹಿಂಗಾದ್ರೆ ಕನ್ನಡದ ಹೊಸ ಬರಹಗಾರನ ಮೇಲ್ ತೆರೆದು ನೋಡೋರು ಯಾರು?

ಈಗ ನಮ್ಮ ಹುಡುಗರಿಗೆ ನಿಜವಾಗಿ ಬೇಕಾದ ವಿಷಯಕ್ಕೆ ಬರ್ತೀನಿ. ಕಳ್ಸೋ ಮೊದಲು ಆರ್.ಜಿ. ಆನಂದ್ ಅವರ ಕಥೆ ಓದ್ರಿ. ಇದು ಸಿನಿಮಾ ಕಥೆ ಅಲ್ಲ, ಕೋರ್ಟ್ ಕಥೆ. ಅವರು 1953ರಲ್ಲಿ 'ಹಮ್ ಹಿಂದೂಸ್ತಾನಿ' ಅಂತ ನಾಟಕ ಬರೆದರು. ಪಂಜಾಬಿ ಕುಟುಂಬ, ಮದ್ರಾಸಿ ಕುಟುಂಬ, ಮಕ್ಕಳ ಪ್ರೀತಿ, ಪ್ರಾಂತೀಯ ದ್ವೇಷ. ದೆಹಲಿಯಲ್ಲಿ ಚೆನ್ನಾಗಿ ಓಡಿತು. ನಿರ್ದೇಶಕ ಮೋಹನ್ ಸೆಹಗಲ್ ಕಥೆ ಕೇಳಬೇಕು ಅಂದರು. ಆನಂದ್ ಪೂರ್ತಿ ನಾಟಕ ಹೇಳಿದರು. ಆಮೇಲೆ ಆ ಕಡೆಯಿಂದ ಸುದ್ದಿ ಇಲ್ಲ. 1956ರಲ್ಲಿ 'ನ್ಯೂ ಡೆಲ್ಲಿ' ಸಿನಿಮಾ ಬಂತು, ಪಂಜಾಬಿ ಕುಟುಂಬ, ಮದ್ರಾಸಿ ಕುಟುಂಬ. ಆನಂದ್ ಕೇಸ್ ಹಾಕಿದರು. ಕೆಳ ಕೋರ್ಟಲ್ಲಿ ಸೋತರು, ಹೈಕೋರ್ಟಲ್ಲಿ ಸೋತರು, 1978ರಲ್ಲಿ ಸುಪ್ರೀಂ ಕೋರ್ಟಲ್ಲೂ ಸೋತರು. ಕೋರ್ಟ್ ಹೇಳಿದ್ದಿಷ್ಟು: ಐಡಿಯಾಗೆ, ವಸ್ತುವಿಗೆ, ಕಥಾ ಎಳೆಗೆ ಕೃತಿಸ್ವಾಮ್ಯ ಇಲ್ಲ. ಅದನ್ನ ಹೇಳಿದ ರೀತಿಗೆ, ಬರೆದ ರೂಪಕ್ಕೆ ಮಾತ್ರ ಇರೋದು.

ಇದರ ಅರ್ಥ ಏನು? ಎರಡು ಸಾಲಿನ ಎಳೆ ಬರೆದು, ಅದಕ್ಕೆ ಅವರು ಲಾಗ್‌ಲೈನ್ ಅಂತಾರೆ, ನೂರು ಕಂಪನಿಗೆ ಕಳಿಸಿದ್ರೆ ನಿನ್ನ ಕೈಯಲ್ಲಿ ಏನೂ ಉಳಿಯಲ್ಲ. ಮೊದಲು ಪೂರ್ತಿ ಚಿತ್ರಕಥೆ ಬರಿ. ದೃಶ್ಯ ದೃಶ್ಯವಾಗಿ, ಸಂಭಾಷಣೆ ಸಮೇತ. ಆಮೇಲೆ ಕೇಂದ್ರ ಸರ್ಕಾರದ ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಣಿಗೆ ಹಾಕು, ಆನ್‌ಲೈನಲ್ಲೇ ಆಗ್ತದೆ. 2013ರ ನಿಯಮದ ಪ್ರಕಾರ ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ. ಡೈರಿ ನಂಬರ್ ಬರ್ತದೆ, ಆಕ್ಷೇಪಣೆಗೆ 30 ದಿನ ಕಾಯ್ತಾರೆ, ಪ್ರಮಾಣಪತ್ರ ಕೈಗೆ ಬರೋಕೆ ಇನ್ನೂ ತಿಂಗಳುಗಳು ಹಿಡೀತದೆ. ಪರವಾಗಿಲ್ಲ. ಅರ್ಜಿಯ ತಾರೀಖು ನಿನ್ನ ಪರ ಒಂದು ಸಾಕ್ಷಿ. ಮುಂಬೈಯ ಚಿತ್ರಕಥೆಗಾರರ ಸಂಘದಲ್ಲೂ ಸದಸ್ಯರಾದವರಿಗೆ ಆನ್‌ಲೈನ್ ನೋಂದಣಿ ಐತೆ. ಕಳಿಸಿದ ಪ್ರತಿ ಮೇಲ್ ಇಟ್ಕೋ. ಯಾರಿಗೆ, ಯಾವತ್ತು, ಯಾವ ಪ್ರತಿ ಅಂತ ಒಂದು ವಹಿ ಮಾಡು. ಗುಮಾಸ್ತನ ಬುದ್ಧಿ ಅಂತ ನಗಬೇಡ್ರಿ, ಆನಂದ್ ಅವರ ಹತ್ರ ಇಷ್ಟೆಲ್ಲಾ ಪತ್ರ ಇದ್ದೂ ಸೋತರು, ಇಲ್ಲದಿದ್ರೆ ಕೋರ್ಟ್ ಮೆಟ್ಟಿಲನ್ನೂ ಹತ್ತೋಕಾಗಲ್ಲ.

ಇನ್ನೊಂದು ಕಾಗದ ಐತೆ, ಅದಕ್ಕೆ ರಿಲೀಸ್ ಫಾರ್ಮ್ ಅಂತಾರೆ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಇದಕ್ಕೆ ಸಹಿ ಇಲ್ಲದೆ ಅಪರಿಚಿತರ ಕಥೆ ಮುಟ್ಟಲ್ಲ. ಇಂಗ್ಲಿಷಲ್ಲಿ ನಾಲ್ಕೈದು ಪುಟ ಇರ್ತದೆ. ಸಾರಾಂಶ ಏನಂದ್ರೆ, "ನಿಮ್ಮ ಕಥೆಯಂಥದೇ ಕಥೆ ನಮ್ಮ ಹತ್ರ ಮೊದಲೇ ಇರಬಹುದು, ಮುಂದೆ ನಾವು ಅಂಥದ್ದು ಮಾಡಿದ್ರೆ ನೀವು ತಕರಾರು ಮಾಡೋ ಹಾಗಿಲ್ಲ." ಒಪ್ಪಿದೆ ಅಂತ ಒತ್ತಿದ್ರೆ ಸಹಿ ಹಾಕಿದ ಹಾಗೇ. ನಮ್ಮ ಹಿರಿಯರು ಓದೋಕೆ ಬರದೆ ಹೆಬ್ಬೆಟ್ಟು ಒತ್ತಿ ಹೊಲ ಕಳ್ಕೊಂಡರು. ಓದು ಕಲಿತ ನಾವು ಓದದೆ ಒತ್ತಬಾರದು. ಅರ್ಥ ಆಗದಿದ್ರೆ ನಮ್ಮ ವಕೀಲ ಗೆಳೆಯರು ಅದಾರೆ, ಕಳಿಸ್ರಿ. 2012ರ ತಿದ್ದುಪಡಿ ಚಿತ್ರದಲ್ಲಿ ಬಳಕೆಯಾದ ಸಾಹಿತ್ಯ, ಸಂಗೀತದ ಕರ್ತೃಗಳಿಗೆ ಚಿತ್ರಮಂದಿರದ ಆಚೆಗಿನ ಬಳಕೆಗೆ ರಾಯಧನದ ಹಕ್ಕು ಕೊಟ್ಟೈತೆ. ಆ ಹಕ್ಕನ್ನ ಬಿಟ್ಟುಕೊಟ್ಟೆ ಅಂತ ಬರೆಸ್ಕೊಳ್ಳೋಕೂ ಬರಲ್ಲ ಅನ್ನುತ್ತೆ ಅದು. "ಒಂದೇ ಸಲ ದುಡ್ಡು, ಎಲ್ಲಾ ಹಕ್ಕೂ ನಮ್ದು" ಅನ್ನೋ ಅಗ್ರಿಮೆಂಟ್ ಮುಂದಿಟ್ಟಾಗ ಇದು ನೆನಪಿರಲಿ.

ಭಾಷೆ, ಅಕ್ಷರದ ತೊಂದರೆ ಬೇರೆ. ಹುಡುಗರು ತಂದು ತೋರಿಸಿದ ಫೈಲು ನುಡಿಯಲ್ಲಿ ಟೈಪ್ ಮಾಡಿದ್ದು, ಹಳೇ ಫಾಂಟು. ಡಿಟಿಪಿ ಅಂಗಡಿಯಲ್ಲಿ ಚೆಂದ ಕಾಣ್ತದೆ, ಬೇರೆ ಕಂಪ್ಯೂಟರಲ್ಲಿ ತೆರೆದ್ರೆ ಭೂತ ಹಿಡಿದಂಥ ಅಕ್ಷರ. ಅದನ್ನ ಯಾರೂ ವಾಪಸ್ ಕಳಿಸಿ ಕೇಳಲ್ಲ, ಡಿಲೀಟ್ ಮಾಡ್ತಾರೆ. ಯೂನಿಕೋಡಿಗೆ ಬದಲಾಯಿಸಿ, ಪಿಡಿಎಫ್ ಮಾಡಿ ಕಳಿಸ್ರಿ. ಇಂಥ ಅಂತರರಾಷ್ಟ್ರೀಯ ತಾಣಗಳಲ್ಲಿ ಕನ್ನಡ ಓದೋರೇ ಸಿಗೋದು ಕಷ್ಟ. ನಿನ್ನ ಪಾತ್ರ "ಯಾಕಲೇ ಎಪ್ಪಾ" ಅಂದದ್ದು ಇಂಗ್ಲಿಷಲ್ಲಿ ಏನಾಗ್ತದೆ ಯೋಚಿಸು. ಕನ್ನಡದ ಕಥೆಗೆ ಡಾಲರ್ ಸುರಿಯೋದು ನನ್ನ ಮಟ್ಟಿಗೆ ವ್ಯರ್ಥ. "ಗ್ಯಾರಂಟಿ ನಿರ್ಮಾಪಕರನ್ನ ಕೊಡಿಸ್ತೀವಿ, ಮೊದಲು ಫೀಸ್ ಹಾಕಿ" ಅನ್ನೋರಂತೂ ಯಾವ ಭಾಷೆಯಲ್ಲಿ ಹೇಳಿದ್ರೂ ಕೈ ಮುಗೀರಿ.

ಹಾಗಾದ್ರೆ ನಮ್ಮವರು ಗೆದ್ದದ್ದು ಹೆಂಗೆ? ನಾಗರಾಜ ಮಂಜುಳೆ ಮೊದಲು 'ಪಿಸ್ತುಲ್ಯಾ' ಅನ್ನೋ ಕಿರುಚಿತ್ರ ಮಾಡಿ ರಾಷ್ಟ್ರಪ್ರಶಸ್ತಿ ತಗೊಂಡರು. ಆಮೇಲೆ 2013ರಲ್ಲಿ 'ಫ್ಯಾಂಡ್ರಿ', 2016ರಲ್ಲಿ 'ಸೈರಾಟ್'. ಮರಾಠಿಯಲ್ಲಿ ನೂರು ಕೋಟಿ ಗಳಿಕೆ ಮೊದಲು ಕಂಡದ್ದೇ ಅದು. ಕನ್ನಡದಲ್ಲಿ ಅದನ್ನೇ 'ಮನಸು ಮಲ್ಲಿಗೆ' ಅಂತ ಮರುವರ್ಷ ಮಾಡಿದರು. ಸೊಲ್ಲಾಪುರ ಕಡೆಯ ದಲಿತನ ಕಥೆ ಕೊಳ್ಳೋಕೆ ಕನ್ನಡದಲ್ಲಿ ದುಡ್ಡಿತ್ತು, ಅದೇ ಥರದ ಕಥೆ ಬಳ್ಳಾರಿ, ರಾಯಚೂರಿನ ದಲಿತ ಬರೆದು ತಂದಿದ್ರೆ? ತಮಿಳಿನಲ್ಲಿ ಪಾ. ರಂಜಿತ್ ಒಳಗೆ ಹೋದ ಮೇಲೆ ಸ್ವಂತ ನೀಲಂ ಕಂಪನಿ ಕಟ್ಟಿ, 2018ರಲ್ಲಿ ಮಾರಿ ಸೆಲ್ವರಾಜ್‌ಗೆ 'ಪರಿಯೇರುಂ ಪೆರುಮಾಳ್' ಮಾಡೋಕೆ ಬಾಗಿಲು ತೆಗೆದರು. ಕಥೆ ಕೇಳೋ ಕೋಣೆಯಲ್ಲಿ ನಮ್ಮವನೊಬ್ಬ ಕುರ್ಚಿ ಮೇಲೆ ಕೂತಾಗ ಆದದ್ದು ಅದು. ಯಾವ ವೆಬ್‌ಸೈಟೂ ಅದನ್ನ ಮಾಡಿಕೊಡಲಿಲ್ಲ.

ಕೇರಳ ಸರ್ಕಾರ ಬೇರೆ ದಾರಿ ಹಿಡೀತು. ಅಲ್ಲಿನ ಚಲನಚಿತ್ರ ಅಭಿವೃದ್ಧಿ ನಿಗಮದ ಮೂಲಕ ಪರಿಶಿಷ್ಟ ಜಾತಿ, ಪಂಗಡದ ಮತ್ತು ಮಹಿಳಾ ನಿರ್ದೇಶಕರ ಚಿತ್ರಕ್ಕೆ ಒಂದೂವರೆ ಕೋಟಿವರೆಗೆ ಕೊಡ್ತಾರೆ. ಸ್ಕ್ರಿಪ್ಟ್ ನೋಡಿಯೇ ಆಯ್ಕೆ. 2025ರ ಆಗಸ್ಟಲ್ಲಿ ಅಡೂರು ಗೋಪಾಲಕೃಷ್ಣನ್ ಎದ್ದು, ಇವರಿಗೆ ದುಡ್ಡು ಕೊಡೋ ಮೊದಲು ಮೂರು ತಿಂಗಳು ತರಬೇತಿ ಕೊಡ್ರಿ ಅಂದರು. ಸಭೆಯಲ್ಲೇ ಗಾಯಕಿ ಪುಷ್ಪಾವತಿ ಎದ್ದು ವಿರೋಧಿಸಿದರು. ಕೋಟಿ ಕೋಟಿ ಸುರಿದು ಮುಗ್ಗರಿಸಿದ ಮೇಲ್ಜಾತಿ ನಿರ್ದೇಶಕರಿಗೆ ಯಾರಾದ್ರೂ ತರಬೇತಿ ಕೇಳಿದ್ದುಂಟಾ?

ನಮ್ಮ ರಾಜ್ಯದಲ್ಲಿ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಐತೆ, ಜನಸಂಖ್ಯೆಗೆ ತಕ್ಕಂತೆ ಹಣ ಇಡಲೇಬೇಕು. 2025-26ರ ಬಜೆಟಲ್ಲಿ ಮುಖ್ಯಮಂತ್ರಿಗಳು ಕನ್ನಡ ಚಿತ್ರಗಳಿಗೆ ಸರ್ಕಾರದ್ದೇ ಒಟಿಟಿ ಅಂತ ಘೋಷಿಸಿದರು. ಈ ಎರಡನ್ನೂ ಜೋಡಿಸಿ ಕೇಳೋಣ ಅಂತ ನನ್ನ ಪ್ರಸ್ತಾಪ. ಆ ಒಟಿಟಿಯಲ್ಲಿ ಕನ್ನಡದಲ್ಲೇ, ಶುಲ್ಕವಿಲ್ಲದೆ ಸ್ಕ್ರಿಪ್ಟ್ ಕಳಿಸೋ ವ್ಯವಸ್ಥೆ ಇರಲಿ. ಓದೋ ಸಮಿತಿಯಲ್ಲಿ ನಮ್ಮ ಬರಹಗಾರರು, ಅಲೆಮಾರಿ ಸಮುದಾಯದವರು ಇರಲಿ. ಮೊದಲ ಸುತ್ತಲ್ಲಿ ಬರೆದವರ ಹೆಸರು, ಊರು ಮುಚ್ಚಿ ಓದಲಿ. ಆಯ್ಕೆಯಾದ ಸ್ಕ್ರಿಪ್ಟಿಗೆ ಚಿತ್ರೀಕರಣಕ್ಕೂ ಮುಂಚೆ, ಬರೆಯೋ ಹಂತದಲ್ಲೇ ದುಡ್ಡು ಬರಲಿ. ಬರೆಯೋಕೆ ಬರದ ಕಥೆಗಾರರು ದನಿ ರೆಕಾರ್ಡ್ ಮಾಡಿ ಕಳಿಸಿದ್ರೂ ತಗೊಳ್ಳಲಿ, ಈರಮ್ಮನಂಥವರು ಇನ್ನೂ ದರೋಜಿಯಂಥ ಊರುಗಳಲ್ಲಿ ಅದಾರೆ.

ಮನವಿಯ ಕರಡು ಅರ್ಧ ಆಗೈತೆ. ಜಿಲ್ಲಾಧಿಕಾರಿಗಳ ಮೂಲಕ ಸಮಾಜ ಕಲ್ಯಾಣ ಇಲಾಖೆಗೆ, ವಾರ್ತಾ ಇಲಾಖೆಗೆ ಎರಡಕ್ಕೂ ಕೊಡಬೇಕು. ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರಿನಿಂದ ಸ್ಕ್ರಿಪ್ಟ್ ಬರೆದು ಇಟ್ಟವರು ಹೆಸರು, ಕಥೆಯ ಶೀರ್ಷಿಕೆ ಮಾತ್ರ ಇನ್‌ಬಾಕ್ಸ್ ಮಾಡ್ರಿ. ಕಥೆ ಕಳಿಸಬೇಡ್ರಿ, ಮೊದಲು ನೋಂದಣಿ ಮಾಡಿಸ್ಕೊಳ್ರಿ.